ಪಿಕಪ್‌ಗೆ ಬೆಂಜ್ ಚಕ್ರ ಹಾಕಿಸುವ ಮುನ್ನ

ನನ್ನ 1982ರ ಫೋಕ್ಸ್‌ವ್ಯಾಗನ್ ಪಿಕಪ್‌ಗೆ ಹಳೇ ಮರ್ಸಿಡಿಸ್ ಕಾರಿನ ಅಲಾಯ್ ಚಕ್ರ ಹಾಕಿಸಿ, ಅಗ್ಗಕ್ಕೆ ಸಿಗುತ್ತೆ ಅಂತ ಹ್ಯಾರೋದ ಗೆಳೆಯರೊಬ್ಬರ ಒತ್ತಾಯ. ರಂಧ್ರಗಳೇನೋ ತಾಳೆಯಾಗುತ್ತವೆ: ಎರಡರಲ್ಲೂ ಐದು, 112 ಮಿ.ಮೀ. ವೃತ್ತದಲ್ಲಿ. ಆದರೆ ನನ್ನ ಗಾಡಿಯ ಬೋಲ್ಟ್ 14 ಮಿ.ಮೀ., ಆ ಕಾಲದ ಮರ್ಸಿಡಿಸ್‌ನದು 12. ಕಾರಿನ ಚಕ್ರ ಸರಕಿನ ಭಾರ ತಡೆಯುತ್ತದೆಯೇ ಎಂಬುದು ಬೇರೆ.

ನನ್ನ ಚಿಂತೆ ಇನ್ಶೂರೆನ್ಸಿನದು. ಪಾಲಿಸಿಯಲ್ಲಿ ಗಾಡಿಗೆ ಇಂತಿಷ್ಟೇ ಬೆಲೆ ಎಂದು ಮೊದಲೇ ಒಪ್ಪಿ ಬರೆದಿದೆ. ಚಕ್ರ ಬದಲಿಸಿದ್ದನ್ನು ಮುಚ್ಚಿಟ್ಟರೆ ಕ್ಲೇಮಿನ ಹಣ ಕಡಿತವಾಗಬಹುದು, ಪೂರ್ತಿ ಹೋಗಲೂಬಹುದು. 40 ವರ್ಷ ದಾಟಿದ ಗಾಡಿಯೆಂದು ರಸ್ತೆ ತೆರಿಗೆ, ಯೂಲೆಜ್‌ನ ದಿನಕ್ಕೆ 12.50 ಪೌಂಡ್ ಎಲ್ಲ ಉಳಿಸಿ, ಇಲ್ಲಿ ಕಳೆದುಕೊಳ್ಳಲೇ? ಕಂಪನಿಯ ಒಪ್ಪಿಗೆ ಇಮೇಲಿನಲ್ಲಿ ಬರುವವರೆಗೆ ಕಬ್ಬಿಣದ ಚಕ್ರಗಳೇ ಇರಲಿ. ಬದಲಿಸಿದರೂ ಅವನ್ನು ನಾನಂತೂ ಮಾರುವುದಿಲ್ಲ. ನಾಳೆ ಗಾಡಿ ಕೊಳ್ಳಲು ಬಂದವರು ಒರಿಜಿನಲ್ ಇದೆಯಾ ಅಂತ ಕೇಳಿದರೆ ತೋರಿಸಬೇಕಲ್ಲ.