ನೇಪಥ್ಯದಲ್ಲಿ ಇಬ್ಬರು

ಊರಿನಲ್ಲಿ ಒಂದು ಸುದ್ದಿಯನ್ನು ಹತ್ತು ಜನಕ್ಕೆ ಮುಟ್ಟಿಸಬೇಕಾದರೆ ಹಿಂದೆ ಡಂಗುರ ಹೊಡೆಸುತ್ತಿದ್ದರು. ನಾಟಕದ ಕಂಪೆನಿ ಬಂದಿಳಿದರೆ ಗಾಡಿಯ ಮೇಲೆ ವಾದ್ಯ ಬಾರಿಸುತ್ತ ಬೀದಿಬೀದಿಗೆ ಕರಪತ್ರ ತೂರುತ್ತಿದ್ದರು. ಹೊಡೆಯುವವನು ಯಾರು, ಹೊಡೆಸಿದವನು ಯಾರು, ಅದರಿಂದ ಯಾರಿಗೆ ಲಾಭ ಎಂಬುದು ಕೇಳಿದವರಿಗೆಲ್ಲ ತಿಳಿದೇ ಇರುತ್ತಿತ್ತು. ಡಂಗುರ ಕಣ್ಣಿಗೆ ಕಾಣದಂತೆ, ಊರಿನ ಜನರೇ ತಮಗೆ ತಾವೇ ತೋಚಿತೆಂಬಂತೆ ಸುದ್ದಿಯನ್ನು ಆಡಿಕೊಳ್ಳುವ ಹಾಗೆ ಮಾಡುವ ಇನ್ನೊಂದು ವಿದ್ಯೆ ಉಂಟು. ಅದಕ್ಕೆ ಸಾರ್ವಜನಿಕ ಸಂಪರ್ಕವೆಂದು ಹೆಸರು. ಈ ವಿದ್ಯೆಯನ್ನು ಒಂದು ಕಸುಬಾಗಿ ಕಟ್ಟಿ ನಿಲ್ಲಿಸಿದವರಲ್ಲಿ ನ್ಯೂಯಾರ್ಕಿನ ಒಂದು ಸಣ್ಣ ಕಚೇರಿಯ ಹೆಸರು ಮುಖ್ಯವಾದುದು. 1919ರಲ್ಲಿ ತೆರೆದ ಆ ಕಚೇರಿಗೆ ಎಡ್ವರ್ಡ್ ಬರ್ನೇಸನ ಹೆಸರು. ಕೆಲಸ ಮಾತ್ರ ಒಬ್ಬನದಲ್ಲ, ಇಬ್ಬರದು.

ಬರ್ನೇಸನು 1891ರಲ್ಲಿ ವಿಯೆನ್ನಾ ನಗರದಲ್ಲಿ ಹುಟ್ಟಿದವನು. ತಾಯಿ ಆನಾ, ಮನೋವಿಜ್ಞಾನಿ ಸಿಗ್ಮಂಡ್ ಫ್ರಾಯ್ಡನ ತಂಗಿ. ತಂದೆ ಎಲಿ, ಫ್ರಾಯ್ಡನ ಹೆಂಡತಿಯ ಅಣ್ಣ. ನಮ್ಮ ಕಡೆ ಕೊಟ್ಟು ತರುವ ನಂಟು ಎನ್ನುತ್ತಾರಲ್ಲ, ಅಂಥದು. ಹೀಗಾಗಿ ಫ್ರಾಯ್ಡನು ಆತನಿಗೆ ಸೋದರಮಾವನೂ ಹೌದು, ಸೋದರತ್ತೆಯ ಗಂಡನೂ ಹೌದು. ಮಗುವಿಗೆ ವರುಷ ತುಂಬುವ ಹೊತ್ತಿಗೆ ಕುಟುಂಬ ಅಮೆರಿಕಕ್ಕೆ ಬಂದು ನೆಲಸಿತು. ಧಾನ್ಯದ ವ್ಯಾಪಾರಿಯಾಗಿದ್ದ ತಂದೆಯ ಇಚ್ಛೆಯಂತೆ ಹುಡುಗನು ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ವ್ಯವಸಾಯವನ್ನು ಓದಿ 1912ರಲ್ಲಿ ಪದವಿ ಪಡೆದನು. ಆದರೆ ಹೊಲವಾಗಲಿ ಧಾನ್ಯದ ಮಂಡಿಯಾಗಲಿ ಆತನ ಮನಸ್ಸನ್ನು ಹಿಡಿಯಲಿಲ್ಲ. ಒಂದು ವೈದ್ಯಕೀಯ ಪತ್ರಿಕೆಯ ಕೆಲಸಕ್ಕೆ ಸೇರಿದನು. ಆತನ ಕೈವಾಡ ಮೊದಲು ಪ್ರಕಟವಾದದ್ದು ಅಲ್ಲಿಯೇ.

1913ರಲ್ಲಿ ಫ್ರೆಂಚ್ ನಾಟಕಕಾರ ಬ್ರಿಯೂ ಬರೆದ ಒಂದು ನಾಟಕವನ್ನು ನ್ಯೂಯಾರ್ಕಿನಲ್ಲಿ ಆಡಬೇಕೆಂದು ನಟನೊಬ್ಬನು ಹೊರಟನು. ವಸ್ತು, ಗುಪ್ತರೋಗ. ಮರ್ಯಾದಸ್ತರು ಹೆಸರೆತ್ತಲೂ ನಾಚುತ್ತಿದ್ದ ಕಾಲ. ಪೋಲೀಸರು ತಡೆಯುವರೆಂಬ ಭಯ ಬೇರೆ. ತರುಣ ಬರ್ನೇಸನು ನಾಟಕವನ್ನು ಹೊಗಳಿ ಒಂದಕ್ಷರ ಜಾಹೀರಾತನ್ನೂ ಬರೆಯಲಿಲ್ಲ. ಸಮಾಜಹಿತಕ್ಕಾಗಿ ಒಂದು ಸಮಿತಿಯನ್ನು ಕಟ್ಟಿದನು. ರಾಕ್‌ಫೆಲರ್ ಮನೆತನದ ಕಿರಿಯನಂಥ ದೊಡ್ಡ ಮನುಷ್ಯರ ಹೆಸರನ್ನು ಅದರ ಬೆಂಬಲಕ್ಕೆ ತಂದನು. ಅಂಥವರು ಆದರಿಸಿದ ಮೇಲೆ ನಾಟಕವನ್ನು ಅಶ್ಲೀಲವೆನ್ನುವ ಧೈರ್ಯ ಯಾರಿಗೆ? ರಂಗಮಂದಿರ ತುಂಬಿತು. ಮುಂದಿನ ಎಂಬತ್ತು ವರ್ಷಗಳ ಆತನ ಬದುಕಿನ ಬೀಜ ಇದರಲ್ಲಿಯೇ ಇದೆ. ತಾನು ಆಡಬೇಕಾದ ಮಾತನ್ನು, ಜನ ನಂಬುವ ಬಾಯಿಯಿಂದ ಆಡಿಸಬೇಕು. ತಾನು ಮಾತ್ರ ತೆರೆಯ ಹಿಂದೆ ನಿಲ್ಲಬೇಕು.

ಒಂದನೆಯ ಮಹಾಯುದ್ಧದಲ್ಲಿ ಆತ ಅಮೆರಿಕ ಸರ್ಕಾರದ ಪ್ರಚಾರ ಸಮಿತಿಯಲ್ಲಿ ದುಡಿದನು. ಯುದ್ಧಕಾಲದಲ್ಲಿ ಒಂದು ರಾಷ್ಟ್ರದ ಮನಸ್ಸನ್ನು ಹೀಗೆ ತಿರುಗಿಸಬಹುದಾದರೆ ಶಾಂತಿಕಾಲದಲ್ಲಿ ಏಕೆ ಆಗಬಾರದು? ಈ ಯೋಚನೆಯ ಫಲವೇ 1919ರ ಕಚೇರಿ. ಅಲ್ಲಿಗೆ ಬರಹದ ಕೆಲಸಕ್ಕಾಗಿ ಆತ ಮೊದಲು ನೇಮಿಸಿಕೊಂಡವಳೇ ಡೋರಿಸ್ ಫ್ಲೈಷ್‌ಮನ್.

ಡೋರಿಸಳೂ 1891ರಲ್ಲಿಯೇ ಹುಟ್ಟಿದವಳು, ವಯಸ್ಸಿನಲ್ಲಿ ಆತನಿಗಿಂತ ನಾಲ್ಕು ತಿಂಗಳು ಹಿರಿಯಳು. ಬಾರ್ನಾರ್ಡ್ ಕಾಲೇಜಿನ ಪದವೀಧರೆ. ‘ನ್ಯೂಯಾರ್ಕ್ ಟ್ರಿಬ್ಯೂನ್’ ಪತ್ರಿಕೆಯಲ್ಲಿ ಬರೆದು ಲೇಖನಿಯನ್ನು ಪಳಗಿಸಿಕೊಂಡಿದ್ದಳು. ಆಕೆಯ ಗಟ್ಟಿತನಕ್ಕೆ 1920ರ ಒಂದು ಪ್ರಸಂಗವೇ ಸಾಕು. ಕರಿಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್.ಎ.ಎ.ಸಿ.ಪಿ. ಸಂಸ್ಥೆ ಆ ವರ್ಷ ತನ್ನ ಅಧಿವೇಶನವನ್ನು ದಕ್ಷಿಣದ ಅಟ್ಲಾಂಟ ನಗರದಲ್ಲಿ ಕೂಡಿಸಲು ನಿಶ್ಚಯಿಸಿತು. ವರ್ಣದ್ವೇಷ ಹೊಗೆಯಾಡುತ್ತಿದ್ದ ಸೀಮೆ. ನೀಗ್ರೋಗಳನ್ನು ಗುಂಪುಗೂಡಿ ಕೊಲ್ಲುವುದು ಅಲ್ಲಿ ಅಪರೂಪದ ಸಂಗತಿಯಾಗಿರಲಿಲ್ಲ. ಅಧಿವೇಶನದ ಪ್ರಚಾರವನ್ನು ವಹಿಸಿಕೊಂಡ ಕಚೇರಿಯಿಂದ ಮೊದಲು ಹೊರಟವಳು ಡೋರಿಸಳೇ. ಬರ್ನೇಸನು ಬರುವ ಮುಂಚೆ ಒಬ್ಬಳೇ ಹೋಗಿ ಗವರ್ನರನನ್ನೂ ನಗರದ ಮೇಯರನನ್ನೂ ಪತ್ರಿಕಾ ಸಂಪಾದಕರನ್ನೂ ಕಂಡು ನೆಲ ಹದಮಾಡಿದಳು. ಅಧಿವೇಶನ ಶಾಂತವಾಗಿ ನಡೆಯಿತು. ದಕ್ಷಿಣದ ಬಿಳಿಯರ ಪತ್ರಿಕೆಗಳೂ ಅದರ ಸುದ್ದಿಯನ್ನು ಅಚ್ಚಿಸಿದವು. ಈ ವಿದ್ಯೆಯಿಂದ ಒಳ್ಳೆಯದೂ ಆಗಬಲ್ಲುದೆಂಬುದಕ್ಕೆ ಇದು ಸಾಕ್ಷಿ.

ಕಚೇರಿಯ ಕೆಲಸದ ರೀತಿಯಾದರೂ ಹೇಗೆ? ಹಂದಿಮಾಂಸವನ್ನು ಉಪ್ಪು ಹಾಕಿ ಹದಮಾಡಿ ಮಾರುವ ಒಂದು ಕಂಪೆನಿ ತನ್ನ ಮಾರಾಟ ಹೆಚ್ಚಬೇಕೆಂದು ಬಂದಿತು. ನಮ್ಮ ಮಾಂಸ ರುಚಿ ಎಂದು ಕೂಗುವ ಬದಲು ಬರ್ನೇಸನು ವೈದ್ಯನೊಬ್ಬನನ್ನು ಕೇಳಿದನು: ಬೆಳಗಿನ ಉಪಾಹಾರ ಹಗುರವಾಗಿರುವುದು ಒಳ್ಳೆಯದೋ, ಪುಷ್ಟಿಯಾಗಿರುವುದು ಒಳ್ಳೆಯದೋ? ಪುಷ್ಟಿಯಾಗಿರುವುದೇ ಒಳ್ಳೆಯದೆಂದು ಉತ್ತರ ಬಂದಿತು. ಅದೇ ಪ್ರಶ್ನೆ ಸಾವಿರಾರು ವೈದ್ಯರಿಗೆ ಅಂಚೆಯಲ್ಲಿ ಹೋಯಿತು. ಬಹುಪಾಲು ಅದೇ ಉತ್ತರ ಬಂದಿತು. ಪತ್ರಿಕೆಗಳು ಅದನ್ನು ವೈದ್ಯರ ಅಭಿಪ್ರಾಯವೆಂದೇ ಪ್ರಕಟಿಸಿದವು. ಪುಷ್ಟಿಯಾದ ಉಪಾಹಾರವೆಂದರೆ ಮೊಟ್ಟೆ ಮತ್ತು ಆ ಮಾಂಸ ಎಂಬ ಮಾತು ಅದರ ಬೆನ್ನಿಗೆ ಬಂದಿತು. ಓದಿದ ಗೃಹಿಣಿಗೆ ಕಂಡದ್ದು ವೈದ್ಯ, ಮಾಂಸದ ಅಂಗಡಿಯಲ್ಲ.

ಸೋಪೆಂದರೆ ಮುಖ ತಿರುಗಿಸುವ ಮಕ್ಕಳಿಗೆ ಅದರ ಮೇಲೆ ಪ್ರೀತಿ ಹುಟ್ಟಿಸಬೇಕಾಗಿ ಬಂದಾಗ ಸೋಪಿನಲ್ಲಿ ಗೊಂಬೆ ಕೆತ್ತುವ ಸ್ಪರ್ಧೆ ಏರ್ಪಟ್ಟಿತು. ಶಾಲೆಶಾಲೆಗಳಲ್ಲಿ ಹುಡುಗರು ಬಿಳಿಯ ಐವರಿ ಸೋಪಿನಲ್ಲಿ ಆನೆ ಕುದುರೆಗಳನ್ನು ಕೆತ್ತಿದರು. ಸ್ಪರ್ಧೆ ಎಷ್ಟೋ ವರ್ಷ ನಡೆಯಿತು. 1924ರ ಚುನಾವಣೆಯ ಮುಂಚೆ, ನಗುವುದನ್ನೇ ಅರಿಯರೆಂದು ಹೆಸರಾಗಿದ್ದ ಅಧ್ಯಕ್ಷ ಕೂಲಿಜರ ಮನೆಗೆ ರಂಗಭೂಮಿಯ ನಟನಟಿಯರ ತಂಡವೇ ಉಪಾಹಾರಕ್ಕೆ ಹೋಯಿತು. ಅಧ್ಯಕ್ಷರು ಇನ್ನೇನು ನಕ್ಕೇಬಿಟ್ಟರೆಂದು ಪತ್ರಿಕೆ ಬರೆಯಿತು! ಇಂಥ ಯೋಜನೆಗಳೆಲ್ಲ ಬರ್ನೇಸನ ಹೆಸರಿನಲ್ಲಿ ಹೊರಬಿದ್ದವು. ಆದರೆ ಕಚೇರಿಯ ಪತ್ರಿಕಾ ಪ್ರಕಟಣೆಗಳನ್ನೂ ಭಾಷಣಗಳನ್ನೂ ಬರೆಯುತ್ತಿದ್ದವಳು, ಯೋಜನೆಗಳನ್ನು ಆತನೊಡನೆ ಕುಳಿತು ತೂಗಿ ನೋಡುತ್ತಿದ್ದವಳು ಡೋರಿಸ್.

1922ರ ಸೆಪ್ಟೆಂಬರಿನಲ್ಲಿ ಅವರಿಬ್ಬರೂ ಮದುವೆಯಾದರು. ಸದ್ದುಗದ್ದಲವಿಲ್ಲದ ಮದುವೆಯೆಂದು ಗೊತ್ತುಮಾಡಿಕೊಂಡಿದ್ದರಂತೆ. ಆದರೆ ವಾಲ್ಡಾರ್ಫ್ ಆಸ್ಟೋರಿಯ ಹೋಟಲಿನ ಪುಸ್ತಕದಲ್ಲಿ ವಧು ತನ್ನ ತೌರಿನ ಹೆಸರನ್ನೇ ಬರೆದಳು. ಅದು ಪತ್ರಿಕೆಗಳಿಗೆ ತಿಳಿಯುವಂತೆ ವರನು ನೋಡಿಕೊಂಡನು. ಮರುದಿನ ಅದೇ ಸುದ್ದಿ. ಕಸುಬು ಮದುವೆಯ ಮನೆಯನ್ನೂ ಬಿಡಲಿಲ್ಲ. ಮುಂದೆ 1925ರಲ್ಲಿ ಡೋರಿಸಳು ವಿವಾಹಿತೆಯಾಗಿಯೂ ತನ್ನ ಹೆಸರಿನಲ್ಲಿಯೇ ರಹದಾರಿ ಬೇಕೆಂದು ಹಟ ಹಿಡಿದು ಪಡೆದಳು. ಅಮೆರಿಕದಲ್ಲಿ ಅದೊಂದು ಮೇಲ್ಪಂಕ್ತಿಯಾಯಿತು.

ಇಷ್ಟು ಸ್ವಾಭಿಮಾನಿಯಾದ ಈಕೆ, ವ್ಯವಹಾರದಲ್ಲಿ ಸಮಪಾಲಿನ ಒಡತಿಯಾಗಿದ್ದವಳು, ಕಕ್ಷಿಗಾರರ ಮುಂದೆ ಮಾತ್ರ ಬರುತ್ತಿರಲಿಲ್ಲ. ಸಲಹೆ ಹೆಂಗಸಿನದೆಂದು ತಿಳಿದರೆ ದೊಡ್ಡ ದೊಡ್ಡ ಕಂಪೆನಿಗಳ ಯಜಮಾನರು ಅದನ್ನು ಅದರ ಗುಣದಿಂದ ಅಳೆಯದೆ ಹೇಳಿದವಳ ಉಡುಪಿನಿಂದ ಅಳೆಯುವರೆಂದು ಗಂಡಹೆಂಡಿರು ಲೆಕ್ಕ ಹಾಕಿದ್ದರು. ಲೆಕ್ಕ ಸರಿಯಾಗಿಯೇ ಇದ್ದೀತು. ಜನರ ಪೂರ್ವಗ್ರಹವನ್ನು ತಿದ್ದುವುದಕ್ಕಿಂತ ಅದನ್ನು ಬಳಸಿಕೊಳ್ಳುವುದು ಲೇಸೆಂಬುದು ಆ ಕಚೇರಿಯ ವ್ಯಾಪಾರಸೂತ್ರ. ಆ ಸೂತ್ರಕ್ಕೆ ಬೆಲೆ ತೆತ್ತವರಲ್ಲಿ ಕಚೇರಿಯ ಒಡತಿಯೂ ಒಬ್ಬಳಾದಳು. 1928ರಲ್ಲಿ ಆಕೆ ಹೆಣ್ಣುಮಕ್ಕಳಿಗೆ ಯಾವ ಯಾವ ಉದ್ಯೋಗಗಳು ಒದಗಬಹುದೆಂಬುದನ್ನು ಕುರಿತು ಒಂದು ಪುಸ್ತಕವನ್ನು ಸಂಪಾದಿಸಿದಳು. ಊರ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದು ತೋರಿಸಿದವಳು ತನ್ನ ಕಚೇರಿಯಲ್ಲಿ ಒಳಕೋಣೆಯಲ್ಲಿಯೇ ಉಳಿದಳು.

ಆ ಕಚೇರಿಯ ಹೆಸರಿಗೆ ಇಂದಿಗೂ ಅಂಟಿಕೊಂಡಿರುವ ಘಟನೆ 1929ರದು. ಲಕ್ಕಿ ಸ್ಟ್ರೈಕ್ ಸಿಗರೇಟಿನ ಒಡೆಯರಾದ ಅಮೆರಿಕನ್ ಟೊಬ್ಯಾಕೊ ಕಂಪೆನಿಗೆ ಒಂದು ಕೊರಗು: ಹೆಂಗಸರು ಬೀದಿಯಲ್ಲಿ ಸಿಗರೇಟು ಸೇದುವುದಿಲ್ಲ. ಬರ್ನೇಸನು ತನ್ನ ಮಾವನ ಶಾಸ್ತ್ರವನ್ನು ಬಲ್ಲ ಬ್ರಿಲ್ ಎಂಬ ಮನೋವೈದ್ಯನನ್ನು ಕಂಡನು. ಹೆಂಗಸರಿಗೆ ಸಿಗರೇಟು ಸ್ವಾತಂತ್ರ್ಯದ ಪಂಜಿನಂತೆ ಎಂಬ ಭಾವ ಅಲ್ಲಿ ದೊರೆಯಿತು. ಮಾರ್ಚ್ 31, ಈಸ್ಟರ್ ಭಾನುವಾರ. ನ್ಯೂಯಾರ್ಕಿನ ಐದನೆಯ ಅವೆನ್ಯೂವಿನಲ್ಲಿ ಚರ್ಚು ಬಿಟ್ಟ ಜನದ ಮೆರವಣಿಗೆ. ಕೆಲವು ತರುಣಿಯರು ಸಿಗರೇಟು ಹಚ್ಚಿ ನಡೆದರು. ಅವರಿಗೆ ಕರೆ ಹೋದದ್ದು ಬರ್ತಾ ಹಂಟ್ ಎಂಬಾಕೆಯ ಸಹಿಯಿಂದ. ಆಕೆ ಬರ್ನೇಸನ ಕಾರ್ಯದರ್ಶಿಯೆಂಬುದಾಗಲಿ, ಹಿಂದೆ ಸಿಗರೇಟು ಕಂಪೆನಿಯೊಂದು ಇದೆಯೆಂಬುದಾಗಲಿ ಕರೆಯಲ್ಲಿ ಇರಲಿಲ್ಲ. ಮರುದಿನದ ಪತ್ರಿಕೆಗಳು ಅದನ್ನು ಸ್ತ್ರೀಸ್ವಾತಂತ್ರ್ಯದ ಸುದ್ದಿಯೆಂದೇ ಅಚ್ಚುಮಾಡಿದವು. ಅಮೆರಿಕದ ಹೆಂಗಸರು ಸಿಗರೇಟು ಕಲಿತದ್ದು ಆ ಒಂದೇ ದಿನದಿಂದಲ್ಲ. ಅಭ್ಯಾಸ ಆ ಮೊದಲೇ ಬೆಳೆಯುತ್ತಿತ್ತು. ಆದರೆ ಹೆಣ್ಣಿನ ಸ್ವಾತಂತ್ರ್ಯದ ನಿಜವಾದ ಹಂಬಲವೊಂದನ್ನು ಹೊಗೆಸೊಪ್ಪಿನ ಮೂಟೆಗೆ ದಾರವಾಗಿ ಕಟ್ಟಿದ್ದಂತೂ ನಿಜ. ಈ ಯೋಜನೆ ಹೊರಟದ್ದು, ತೌರಿನ ಹೆಸರಿಗಾಗಿ ಹೋರಾಡಿದ ಹೆಣ್ಣೊಬ್ಬಳು ಪಾಲುಗಾರಳಾಗಿದ್ದ ಕಚೇರಿಯಿಂದ ಎಂಬುದೇ ಯೋಚನೆಗೆ ಹಚ್ಚುವ ವಿಷಯ.

ಅದೇ ವರ್ಷದ ಅಕ್ಟೋಬರ್ 21ರಂದು ಎಡಿಸನ್ನನ ವಿದ್ಯುದ್ದೀಪಕ್ಕೆ ಐವತ್ತು ತುಂಬಿದ ಉತ್ಸವ. ಮಿಷಿಗನ್ನಿನ ಡಿಯರ್‌ಬಾರ್ನಿನಲ್ಲಿ ಅಧ್ಯಕ್ಷ ಹೂವರ್, ಹೆನ್ರಿ ಫೋರ್ಡ್ ಮೊದಲಾದವರ ಮುಂದೆ ವೃದ್ಧ ಎಡಿಸನ್ನನು ಮತ್ತೆ ದೀಪ ಬೆಳಗಿಸಿದನು. ಅಂಚೆ ಇಲಾಖೆ ಸ್ಮಾರಕ ಚೀಟಿಯನ್ನು ಹೊರಡಿಸಿತು. ಅದರ ಪ್ರಚಾರವೂ ಬರ್ನೇಸನದೇ. ತೆರೆಯ ಮರೆಯಲ್ಲಿರುವುದೇ ಕಸುಬಾದ ಮನುಷ್ಯನು ಅಂದು ದೊಡ್ಡವರ ಛಾಯಾಚಿತ್ರದಲ್ಲಿ ನುಸುಳಲು ಮತ್ತೆ ಮತ್ತೆ ಹವಣಿಸಿದನೆಂದೂ ಫೋರ್ಡನು ಸಿಡುಕಿದನೆಂದೂ ಫೋರ್ಡನ ಕಡೆಯವರು ಹೇಳಿದ್ದುಂಟು. ತನ್ನನ್ನು ಮರೆಸಿಕೊಳ್ಳುವುದು ಆತನಿಗೆ ಕಷ್ಟವೇ ಆಗಿತ್ತು. ನಿಜವಾಗಿ ಮರೆಯಲ್ಲಿದ್ದವಳು ಇನ್ನೊಬ್ಬಳು.

1923ರಲ್ಲಿ ಬರ್ನೇಸನು ಜನಾಭಿಪ್ರಾಯವನ್ನು ಕುರಿತು ಒಂದು ಪುಸ್ತಕ ಬರೆದನು. 1928ರಲ್ಲಿ ‘ಪ್ರಾಪಗ್ಯಾಂಡ’ ಎಂಬ ಇನ್ನೊಂದನ್ನು. ಬರೆದ ವಿದ್ಯೆಗೆ ಬೇಲಿ ಇಲ್ಲ. ಯಹೂದಿ ಮನೆತನದವನಾದ ಆತನ ಮೊದಲ ಪುಸ್ತಕವನ್ನು ಜರ್ಮನಿಯ ಗೊಬೆಲ್ಸನು ಯಹೂದಿಗಳ ವಿರುದ್ಧ ಬಳಸುತ್ತಿರುವನೆಂದು 1933ರಲ್ಲಿ ಅಮೆರಿಕದ ಪತ್ರಕರ್ತನೊಬ್ಬನಿಂದ ಕೇಳಿ ಬೆಚ್ಚಿದುದನ್ನು ಬರ್ನೇಸನೇ 1965ರ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಆದರೂ ಕೈ ಹಿಂದೆಗೆಯಲಿಲ್ಲ. 1950ರ ದಶಕದಲ್ಲಿ ಬಾಳೆಯಹಣ್ಣಿನ ದೊಡ್ಡ ವ್ಯಾಪಾರಿಯಾದ ಯುನೈಟೆಡ್ ಫ್ರೂಟ್ ಕಂಪೆನಿಯ ಪರವಾಗಿ ಗ್ವಾಟೆಮಾಲಕ್ಕೆ ಪತ್ರಕರ್ತರ ತಂಡಗಳನ್ನು ಕಳುಹಿಸಿ, ಅಲ್ಲಿ ಕಮ್ಯೂನಿಸಂ ಹಬ್ಬುತ್ತಿದೆಯೆಂಬ ಭೀತಿಯನ್ನು ಅಮೆರಿಕದಲ್ಲಿ ಬೆಳೆಸಿದನು. ಜಮೀನನ್ನು ಬಡವರಿಗೆ ಹಂಚಲು ತೊಡಗಿದ್ದ ಅಧ್ಯಕ್ಷ ಆರ್ಬೆನ್ಸನ ಚುನಾಯಿತ ಸರ್ಕಾರ 1954ರಲ್ಲಿ ಅಮೆರಿಕದ ಗೂಢಚಾರ ಸಂಸ್ಥೆಯ ಕೈವಾಡದಿಂದ ಉರುಳಿತು. ಆ ನಾಡನ್ನು ಮುಂದೆ ಕವಿದ ಅಂತರ್ಯುದ್ಧ ನಿಂತದ್ದು 1996ರಲ್ಲಿ.

ದೂರದ ನಾಡಿನ ದುಃಖ ದೂರದ್ದೇ ಆಗಿ ಉಳಿದೀತು. ಮನೆಯೊಳಗಿನದು ಹಾಗಲ್ಲ. ಡೋರಿಸಳು ಸಿಗರೇಟು ಸೇದುತ್ತಿದ್ದಳು. ಆ ಚಟವನ್ನು ಆಕೆಯಿಂದ ಬಿಡಿಸಲು ಬರ್ನೇಸನು ಬಹಳ ಹೆಣಗಿದನು. ಆಕೆಯ ಸಿಗರೇಟುಗಳನ್ನು ಹುಡುಕಿ ತೆಗೆದು ಮುರಿದು ಪಾಯಿಖಾನೆಗೆ ಎಸೆಯುತ್ತಿದ್ದನೆಂದು ಮಗಳು ಆ್ಯನ್ ನೆನೆಸಿಕೊಂಡಿದ್ದಾಳೆ. ನಾಡಿನ ಹೆಂಗಸರ ಕೈಗೆ ಪಂಜು ಕೊಟ್ಟವನು ತನ್ನ ಮನೆಯ ಪಂಜನ್ನು ಆರಿಸಲಾರದೆ ಹೋದನು. ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ? ಧೂಮಪಾನದಿಂದ ಕ್ಯಾನ್ಸರ್ ಬರುತ್ತದೆಂದು 1964ರಲ್ಲಿ ಅಮೆರಿಕದ ಸರ್ಜನ್ ಜನರಲ್ ವರದಿ ಸಾರಿದ ಮೇಲೆ ಆತ ಸಿಗರೇಟಿನ ವಿರುದ್ಧವಾಗಿಯೂ ಪ್ರಚಾರ ಮಾಡಿದನು. ಪಶ್ಚಾತ್ತಾಪವೋ, ಇನ್ನೊಂದು ಯೋಜನೆಯೋ, ಬಲ್ಲವರು ಕಡಿಮೆ.

ಡೋರಿಸಳ ಹಾದಿ ಬೇರೆ ತೆರನಾಯಿತು. ಮೂರು ದಶಕಗಳ ಕಾಲ ತೌರಿನ ಹೆಸರನ್ನು ಹೊತ್ತವಳು, ಎಲ್ಲೆಲ್ಲಿಯೂ ಅದನ್ನು ವಿವರಿಸಿ ವಿವರಿಸಿ ಬೇಸತ್ತೆನೆಂದು 1949ರಲ್ಲಿ ಲೇಖನವೊಂದನ್ನು ಬರೆದಳು. 1955ರಲ್ಲಿ ಗೃಹಿಣಿಯ ಬಾಳನ್ನು ಕುರಿತ ಆಕೆಯ ಪುಸ್ತಕ ಹೊರಬಂದಿತು. ಹೆಂಡತಿಯೊಬ್ಬಳಲ್ಲಿ ಹಲವು ಹೆಂಗಸರು ಎಂಬ ಅರ್ಥದ ಹೆಸರು ಅದಕ್ಕೆ. ಲೇಖಕಿಯ ಹೆಸರಿನ ಕೊನೆಗೆ ಈಗ ಬರ್ನೇಸ್ ಎಂಬುದೂ ಸೇರಿತ್ತು. 1980ರಲ್ಲಿ ಆಕೆ ತೀರಿಕೊಂಡಳು. ಬರ್ನೇಸನು 1995ರವರೆಗೆ, ನೂರಮೂರು ವರ್ಷ ಬದುಕಿ, ಸಾರ್ವಜನಿಕ ಸಂಪರ್ಕದ ಪಿತಾಮಹನೆಂಬ ಬಿರುದನ್ನು ಪಡೆದು ಕಣ್ಣು ಮುಚ್ಚಿದನು. ಮಾತೆಯೆಂದು ಯಾರೂ ಯಾರನ್ನೂ ಕರೆಯಲಿಲ್ಲ. ಆಕೆಯ ಪಾಲಿನ ಕೆಲಸವನ್ನು ವಿದ್ವಾಂಸರು ಕಾಗದಪತ್ರಗಳಿಂದ ಹೆಕ್ಕಿ ತೋರಿಸಿದ್ದು ಅನಂತರದ ಮಾತು.

ಇಂದು ಇಂಥ ಕಚೇರಿಗಳು ಊರೂರಿಗೂ ಉಂಟು; ಅವುಗಳಲ್ಲಿ ಬುದ್ಧಿವಂತರು, ಸಜ್ಜನರು ದುಡಿಯುತ್ತಾರೆ. ಅಟ್ಲಾಂಟದ ಅಧಿವೇಶನವೂ ಈಸ್ಟರಿನ ಮೆರವಣಿಗೆಯೂ ಒಂದೇ ಕೋಣೆಯಲ್ಲಿ, ಒಂದೇ ಮೇಜಿನ ಮೇಲೆ ಹುಟ್ಟಿದವು ಎಂಬುದನ್ನು ಮರೆಯುವಂತಿಲ್ಲ. ವಿದ್ಯೆ ಎರಡಕ್ಕೂ ಒಂದೇ. ಅಟ್ಲಾಂಟಕ್ಕೆ ಕರೆದವರು ಯಾರೆಂಬುದು ಎಲ್ಲರಿಗೂ ತಿಳಿದಿತ್ತು. ಐದನೆಯ ಅವೆನ್ಯೂವಿನಲ್ಲಿ ಅದನ್ನು ಬಚ್ಚಿಟ್ಟಿದ್ದರು. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡುವಣ ಗೆರೆ ಬಹುಶಃ ಇದೇ. ಪತ್ರಿಕೆಯಲ್ಲಿ ಸೊಗಸಾದ ಸುದ್ದಿಯೊಂದನ್ನು ಓದಿದಾಗ ಈ ಮಾತನ್ನು ಆಡಿದವರು ಯಾರು, ಆಡಿಸಿದವರು ಯಾರು ಎಂದು ಕೇಳಿಕೊಳ್ಳುವ ವಾಚಕನಿಗೆ ಬರ್ನೇಸನ ಕುಶಲತೆ ಕಂಡೀತು. ಬರೆದುಕೊಟ್ಟವರು ಯಾರು ಎಂದು ಇನ್ನೂ ಒಂದು ಪ್ರಶ್ನೆ ಕೇಳಿದರೆ ಒಳಕೋಣೆಯಲ್ಲಿ ತಲೆ ಬಾಗಿಸಿ ಬರೆಯುತ್ತಿರುವ ಡೋರಿಸಳೂ ಕಂಡಾಳು.