ಎಲ್ಲವೂ ಬೆಳ್ಳಕ್ಕಿಯಾದರೆ ಲೆಕ್ಕ ತಪ್ಪೀತು

ಮುತ್ತತ್ತಿಯ ಬಳಿ ಕಾವೇರಿಯ ಬಂಡೆಗಳ ಮೇಲೆ ರೆಕ್ಕೆ ಬಿಚ್ಚಿ ಬಿಸಿಲು ಕಾಯುವ ಕಪ್ಪು ಹಕ್ಕಿಗಳೆಲ್ಲವೂ ಜನರ ಮಾತಿನಲ್ಲಿ ನೀರುಕಾಗೆಗಳೇ. ಮಳವಳ್ಳಿ, ಮದ್ದೂರು ಸೀಮೆಯ ಕೆರೆಯಂಚಿನಲ್ಲಿಯೂ ಗದ್ದೆಬಯಲಿನಲ್ಲಿಯೂ ಕಾಣುವ ಬಿಳಿ ಹಕ್ಕಿಗಳೆಲ್ಲವೂ ಬೆಳ್ಳಕ್ಕಿಗಳೇ. ನಿತ್ಯದ ಬದುಕಿಗೆ ಇಷ್ಟು ಸಾಕು. ಆದರೆ ಪಕ್ಷಿ ಗಣತಿಯ ಪಟ್ಟಿಯಲ್ಲಿಯೂ ಇದೇ ರೂಢಿ ಮುಂದುವರಿದರೆ ಕೆರೆಗಳ ನಿಜಸ್ಥಿತಿ ಮರೆಯಾಗುತ್ತದೆ.

ಏಷ್ಯಾದ ನೀರುಹಕ್ಕಿಗಳ ಗಣತಿಯು 1987ರಲ್ಲಿ ಭಾರತ ಉಪಖಂಡದಲ್ಲಿ ಆರಂಭವಾಯಿತು. ಪ್ರತಿ ಜನವರಿಯಲ್ಲಿ ನಡೆಯುವ ಈ ಕಾರ್ಯ ಬಹುಮಟ್ಟಿಗೆ ಸ್ವಯಂಸೇವಕರನ್ನೇ ಅವಲಂಬಿಸಿದೆ. ಇಂತಹ ಅಂಕಿಅಂಶಗಳಿಗೆ ಎಷ್ಟು ತೂಕವಿದೆ ಎಂಬುದಕ್ಕೆ ರಾಮ್ಸಾರ್ ಒಪ್ಪಂದವೇ ನಿದರ್ಶನ. ಜೌಗು ಪ್ರದೇಶವೊಂದು ಅಂತರರಾಷ್ಟ್ರೀಯ ಮಹತ್ವ ಪಡೆಯಲು ಆ ಒಪ್ಪಂದದಲ್ಲಿರುವ ಮಾನದಂಡಗಳಲ್ಲಿ ಒಂದು, ಯಾವುದಾದರೂ ಒಂದು ಜಾತಿಯ ನೀರುಹಕ್ಕಿಯ ಒಟ್ಟು ಸಂಖ್ಯೆಯ ಶೇ 1ರಷ್ಟು ಅಲ್ಲಿ ನಿಯಮಿತವಾಗಿ ನೆಲೆಸಿರಬೇಕೆಂಬುದು. 2022ರಲ್ಲಿ ರಂಗನತಿಟ್ಟು ಈ ಪಟ್ಟಿಗೆ ಸೇರಿ, ರಾಜ್ಯದ ಪ್ರಥಮ ರಾಮ್ಸಾರ್ ತಾಣವಾಯಿತು. ಜಾತಿ ತಿಳಿಯದೆ ಎಣಿಸಿದ ಸಂಖ್ಯೆ ಈ ಮಾನದಂಡಕ್ಕೆ ಒದಗದು.

ಬೆಳ್ಳಕ್ಕಿಗಳ ಸಂಗತಿಯನ್ನೇ ನೋಡಬಹುದು. ಗೋವಕ್ಕಿ ದನಗಳ ಹಿಂದೆ ಸುತ್ತುತ್ತ, ಒಣನೆಲದಲ್ಲಿಯೂ ಮಿಡತೆ ಹಿಡಿದು ಬದುಕಬಲ್ಲದು. ದೊಡ್ಡ ಬೆಳ್ಳಕ್ಕಿಗೆ ಮೀನಿರುವ ನೀರು ಬೇಕು. ಕೆರೆ ಬತ್ತಿ ದೊಡ್ಡ ಬೆಳ್ಳಕ್ಕಿ ಕಡಿಮೆಯಾಗಿ, ಗೋವಕ್ಕಿ ಅಷ್ಟೇ ಹೆಚ್ಚಿದರೆ ‘ಬೆಳ್ಳಕ್ಕಿ’ ಎಂಬ ಒಟ್ಟು ಲೆಕ್ಕದಲ್ಲಿ ಯಾವ ಬದಲಾವಣೆಯೂ ಕಾಣದು. ಕೆರೆ ಹಾಳಾಗಿದ್ದರೂ ಕಾಗದದ ಮೇಲೆ ಎಲ್ಲವೂ ಕ್ಷೇಮವೆಂದೇ ತೋರುತ್ತದೆ.

ಗುರುತು ಹೇಗೆ?

ಪುಟ್ಟ ಬೆಳ್ಳಕ್ಕಿಯ ಕೊಕ್ಕು ಮತ್ತು ಕಾಲು ಕಪ್ಪು, ಪಾದ ಮಾತ್ರ ಹಳದಿ. ಕೆಸರಿನಲ್ಲಿ ನಿಂತಾಗ ಈ ಪಾದ ಕಾಣದು, ಹಾರುವಾಗ ಸ್ಪಷ್ಟವಾಗುತ್ತದೆ. ಗೋವಕ್ಕಿಯ ಕೊಕ್ಕು ಗಿಡ್ಡ ಮತ್ತು ಹಳದಿ. ಮರಿ ಮಾಡುವ ಕಾಲದಲ್ಲಿ ತಲೆ, ಕತ್ತು ಕೇಸರಿಗೆ ತಿರುಗುತ್ತವೆ. ಕಷ್ಟವಿರುವುದು ಮಧ್ಯಮ ಮತ್ತು ದೊಡ್ಡ ಬೆಳ್ಳಕ್ಕಿಗಳ ನಡುವೆ. ಸಾಮಾನ್ಯವಾಗಿ ಎರಡರ ಕೊಕ್ಕೂ ಹಳದಿ, ಸಂತಾನ ಕಾಲದಲ್ಲಿ ಎರಡೂ ಕಪ್ಪಾಗುತ್ತವೆ. ಆದ್ದರಿಂದ ಬಣ್ಣವನ್ನು ನಂಬುವಂತಿಲ್ಲ. ಬಾಯಿಯ ಗೆರೆ ಕಣ್ಣನ್ನು ದಾಟಿ ಹಿಂದಕ್ಕೆ ಚಾಚಿದ್ದರೆ ಅದು ದೊಡ್ಡ ಬೆಳ್ಳಕ್ಕಿ. ಕಣ್ಣಿನ ಕೆಳಗೇ ನಿಂತಿದ್ದರೆ ಮಧ್ಯಮ ಬೆಳ್ಳಕ್ಕಿ.

ನೀರುಕಾಗೆಗಳಲ್ಲಿಯೂ ಹೀಗೆಯೇ. ಪುಟ್ಟ ನೀರುಕಾಗೆಯ ಕೊಕ್ಕು ಗಿಡ್ಡ, ಕತ್ತು ಮೊಟಕು. ಭಾರತೀಯ ನೀರುಕಾಗೆಯದು ತೆಳುವಾದ ಉದ್ದ ಕೊಕ್ಕು, ನೀಲಿ-ಹಸಿರು ಕಣ್ಣು. ಒಂದೇ ಗುರುತಿಗೆ ಕಟ್ಟುಬೀಳದೆ ಗಾತ್ರ, ಕೊಕ್ಕು, ನಡವಳಿಕೆ ಮೂರನ್ನೂ ಹೊಂದಿಸಿ ನೋಡುವುದೇ ಕ್ಷೇಮ.

ಕೊಕ್ಕರೆಬೆಳ್ಳೂರಿನ ಪಾಠ

ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಊರ ಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳನ್ನು ಅಲ್ಲಿನ ಜನ ತಲೆಮಾರುಗಳಿಂದ ಬೇರೆಬೇರೆಯಾಗಿಯೇ ಬಲ್ಲರು. 2017ರ ಕೊನೆಯಲ್ಲಿ ಹೆಜ್ಜಾರ್ಲೆಗಳು ಒಂದರ ಮೇಲೊಂದರಂತೆ ಸಾಯತೊಡಗಿದಾಗ ತಜ್ಞರು ಅವುಗಳ ದೇಹದಲ್ಲಿ ಪರಾವಲಂಬಿ ಹುಳುಗಳನ್ನು ಕಂಡರು. ಸಾಯುತ್ತಿರುವುದು ಯಾವ ಹಕ್ಕಿ ಎಂಬುದು ಮೊದಲೇ ತಿಳಿದಿದ್ದರಿಂದ, ಅದು ತಿನ್ನುವ ಮೀನಿನತ್ತ, ಆ ಮೀನು ಬರುವ ನೀರಿನತ್ತ ಗಮನ ಹರಿಯಲು ಸಾಧ್ಯವಾಯಿತು.

ಈ ತಿಳಿವಳಿಕೆ ಗಣತಿಗೂ ಒದಗಬೇಕಾಗಿದೆ. ಗಣತಿಗೆ ಮುನ್ನ ಸ್ವಯಂಸೇವಕರಿಗೆ ಕೆರೆಯಂಚಿನಲ್ಲಿಯೇ ಒಂದು ದಿನದ ತರಬೇತಿ ದೊರೆಯಬೇಕು; ಅದರಲ್ಲಿ ಊರಿನ ಮೀನುಗಾರರೂ ದನಗಾಹಿಗಳೂ ಪಾಲ್ಗೊಳ್ಳಬೇಕು. ಸಂಶಯವಿದ್ದಲ್ಲಿ ಊಹಿಸಿ ಹೆಸರು ಬರೆಯುವ ಬದಲು ‘ಗುರುತಿಸಲಾಗದ ಬೆಳ್ಳಕ್ಕಿ’ ಎಂದು ದಾಖಲಿಸುವುದು ಲೇಸು. ಅಂತಹ ದಾಖಲೆಯನ್ನು ಮುಂದಿನ ವರ್ಷ ಸರಿಪಡಿಸಿಕೊಳ್ಳಬಹುದು. ತಪ್ಪು ಹೆಸರು ಒಮ್ಮೆ ಪಟ್ಟಿ ಸೇರಿದರೆ ಅದನ್ನು ಹುಡುಕಿ ತೆಗೆಯುವುದು ಬಹು ಕಷ್ಟ.