ನಮ್ಮ ಹುಡುಗಿಯರೂ ಹಳೆಯ ರೇಡಿಯೋವೂ

ಕೆಲವು ವರ್ಷಗಳ ಹಿಂದೆ ನಮ್ಮ ವೈಟ್‌ಫೀಲ್ಡಿನ ಶಾಲೆಯ ಉಗ್ರಾಣವನ್ನು ಚೊಕ್ಕಟಮಾಡಿಸುವಾಗ, ಮುರಿದ ಗ್ಲೋಬು, ಹಾರ್ಮೋನಿಯಮ್ಮಿನ ತಿದಿ ಇವುಗಳ ನಡುವೆ ಬ್ಯಾಟರಿಯಿಂದ ನಡೆಯುವ ಹಳೆಯ ಟ್ರಾನ್ಸಿಸ್ಟರ್ ರೇಡಿಯೋ ಒಂದು ದೊರಕಿತು. ಹಿರಿಯ ವಿದ್ಯಾರ್ಥಿನಿಯರಲ್ಲಿ ಕೆಲವರಿಗೆ ಅದರ ನೆನಪಿರಬಹುದು. ಶಾಲಾ ಪ್ರಸಾರದ ಪಾಠವನ್ನು ಕೇಳಲು ನಾವು ಅದನ್ನು ತರಗತಿಯಿಂದ ತರಗತಿಗೆ ಹೊತ್ತೊಯ್ಯುತ್ತಿದ್ದೆವು. ಗುಜರಿಯವನು ಅದಕ್ಕೆ ಹೇಳಿದ ಬೆಲೆಯನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಅಷ್ಟರಲ್ಲಿ ಒಂಬತ್ತನೆಯ ತರಗತಿಯ ಮೂವರು ಹುಡುಗಿಯರು ಬಂದು, ಅದನ್ನು ತಮಗೆ ಕೊಟ್ಟರೆ ಆಕಾಶವಾಣಿಯ ಡಿಜಿಟಲ್ ಪ್ರಸಾರವನ್ನು ಅದರಲ್ಲಿಯೇ ಹಿಡಿಯುವೆವೆಂದು ಬೇಡಿಕೊಂಡರು. ನಾನು ಒಪ್ಪಿದೆನು. ಈ ವರ್ಷ ಬೇರೆ ಕೆಲವರು ಅಂಥದೇ ಕೆಲಸಕ್ಕೆ ಅಪ್ಪಣೆ ಕೇಳಿದಾಗ ಪೋಷಕರಿಂದ ಆಕ್ಷೇಪಣೆಗಳು ಬಂದುವಾದಕಾರಣ, ನನ್ನ ಅಭಿಪ್ರಾಯವನ್ನು ಈ ಸಂಚಿಕೆಯಲ್ಲಿ ತಿಳಿಸುವುದು ಯುಕ್ತವೆಂದು ತೋರಿತು.

ಆಕ್ಷೇಪಣೆಗಳು ಎರಡು. ಫೋನಿನಲ್ಲಿಯೇ ಆಕಾಶವಾಣಿಯು ಕೇಳಿಸುವಾಗ ಈ ಶ್ರಮವೇಕೆ? ಕಾದ ಬೆಸುಗೆಯ ಕಡ್ಡಿಯನ್ನು ಹಿಡಿಯುವ ಕೆಲಸವು ಹೆಣ್ಣುಮಕ್ಕಳಿಗೆ ತಕ್ಕುದೆ?

ಎರಡನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಅದೇ ನನ್ನನ್ನು ಹೆಚ್ಚು ನೋಯಿಸಿದ್ದು. ಪೀಣ್ಯಕ್ಕೆ ಸಮೀಪದ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು 1961ರಲ್ಲಿ ರೇಡಿಯೋ ವಾಲ್ವುಗಳನ್ನೂ, 1964ರಲ್ಲಿ ಆಕಾಶವಾಣಿಗೆ ಪ್ರಸಾರಯಂತ್ರಗಳನ್ನೂ ತಯಾರಿಸತೊಡಗಿತು. ನನ್ನ ದೊಡ್ಡಮ್ಮನವರು ಅಲ್ಲಿ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಕೂದಲಿಗಿಂತ ತೆಳುವಾದ ತಂತಿಗಳನ್ನು ಕೂಡಿಸುತ್ತಿದ್ದರು. ಸಂಜೆ ಅದೇ ಬೆರಳುಗಳಿಂದ ಮಲ್ಲಿಗೆ ಕಟ್ಟುತ್ತಿದ್ದರು. ಅವರ ಸಾಲಿನಲ್ಲಿ ಕುಳಿತವರೆಲ್ಲರೂ ಹೆಂಗಸರೇ. ನಮ್ಮ ಮೂವರಲ್ಲಿ ಒಬ್ಬಳ ಬೆರಳು ಸುಟ್ಟಿದ್ದು ನಿಜ. ದೋಸೆ ಹೊಯ್ಯುವಾಗಲೂ ಸುಡುವುದುಂಟು, ಅದಕ್ಕೆ ಯಾರೂ ಪತ್ರ ಬರೆಯುವುದಿಲ್ಲ. ಸಭಾಂಗಣದ ವಾಲ್ವು ರೇಡಿಯೋವನ್ನು ಮಾತ್ರ ನಾನು ಮುಟ್ಟಗೊಡಲಿಲ್ಲ. ಅಂಥವುಗಳ ಒಳಗೆ 200 ವೋಲ್ಟಿಗೂ ಮಿಕ್ಕ ವಿದ್ಯುತ್ತು ಇರುವುದು. ತಂತಿ ಕಿತ್ತಮೇಲೆಯೂ ಸ್ವಲ್ಪ ಹೊತ್ತು ನಿಂತಿರುವುದು.

ಇನ್ನು ಆ ಕೆಲಸದ ಬಗೆ. ಹಳೆಯ ರೇಡಿಯೋವು ಯಾವ ಕೇಂದ್ರವನ್ನು ಹಿಡಿದರೂ ಅದನ್ನು ಒಳಗೆ ಸುಮಾರು 455 ಕಿಲೋಹರ್ಟ್ಸ್ ಎಂಬ ಒಂದೇ ಆವರ್ತನಕ್ಕೆ ತಂದುಕೊಂಡು, ಬಳಿಕ ಅಲೆಯ ಏರಿಳಿತದಿಂದ ಧ್ವನಿಯನ್ನು ಬೇರ್ಪಡಿಸುತ್ತದೆ. ಡಿ.ಆರ್.ಎಂ. ಎಂಬ ಡಿಜಿಟಲ್ ಪದ್ಧತಿಯಲ್ಲಿಯಾದರೋ ಧ್ವನಿಯು ಅಂಕೆಗಳಾಗಿ, ಸುಮಾರು 200 ಸಣ್ಣ ಅಲೆಗಳ ಮೇಲೆ ಹಂಚಿಹೋಗಿ ಬರುವುದರಿಂದ ಹಳೆಯ ಯಂತ್ರಕ್ಕೆ ಅದು ಬರಿಯ ಭೋರೆಂಬ ಸದ್ದು. ಆದಕಾರಣ ಹುಡುಗಿಯರು ಧ್ವನಿ ಬೇರ್ಪಡುವುದಕ್ಕೆ ಮೊದಲೇ ಒಂದು ತಂತಿಯನ್ನು ಹೊರಗೆಳೆದು, ಅಂಗೈಯಗಲದ ಹಲಗೆಯ ಮೇಲೆ 467 ಕಿಲೋಹರ್ಟ್ಸಿನ ಅಲೆಯೊಡನೆ ಬೆರೆಸಿದರು. ಎರಡರ ವ್ಯತ್ಯಾಸವಾದ 12 ಕಿಲೋಹರ್ಟ್ಸ್ ಕಂಪ್ಯೂಟರಿನ ಮೈಕಿನ ರಂಧ್ರವನ್ನು ಹೊಕ್ಕಿತು. ಅದನ್ನು ಬಿಡಿಸಿ ಧ್ವನಿಯಾಗಿಸುವ ಡ್ರೀಮ್ ಎಂಬ ತಂತ್ರಾಂಶವು ಜರ್ಮನಿಯ ಡಾರ್ಮ್‌ಸ್ಟಾಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹುಟ್ಟಿದುದು. ಯಾರು ಬೇಕಾದರೂ ಅದನ್ನು ಬೆಲೆಯಿಲ್ಲದೆ ಪಡೆದು, ಬಿಚ್ಚಿ ಓದಬಹುದು. ಹಳೆಯ ರೇಡಿಯೋವೇ ಡಿಜಿಟಲ್ ಆಯಿತೆಂದರೆ ಅತಿಶಯೋಕ್ತಿಯಾದೀತು. ಅರ್ಧಕ್ಕಿಂತ ಹೆಚ್ಚು ಕೆಲಸ ಕಂಪ್ಯೂಟರಿನದೇ.

ಮೂರು ವಾರ ಏನೂ ಕೇಳಿಸಲಿಲ್ಲ. ಡಿಜಿಟಲ್ ಪ್ರಸಾರದ ಅಗಲ ಸುಮಾರು 10 ಕಿಲೋಹರ್ಟ್ಸ್. ರೇಡಿಯೋದೊಳಗಿನ ಇಕ್ಕಟ್ಟಾದ ಫಿಲ್ಟರು ಅದರ ಎರಡು ಅಂಚುಗಳನ್ನೂ ಕತ್ತರಿಸುತ್ತಿದ್ದಿತು. ಇದನ್ನು ಅವರು ತಾವೇ ಕಂಡುಹಿಡಿದು, ಎಸ್.ಪಿ. ರಸ್ತೆಯಿಂದ ಅಗಲವಾದುದನ್ನು ತರಿಸಿ ಹಾಕಿದರು. ಆಮೇಲೆ ಸುತ್ತಲಿನ ಎಲ್‌ಇಡಿ ದೀಪ, ಚಾರ್ಜರು, ಇನ್ವರ್ಟರುಗಳ ಗದ್ದಲ! ಎಲ್ಲವನ್ನೂ ಆಟದ ಬಯಲಿನ ಅಂಚಿಗೆ ಹೊತ್ತರು. ಒಂದು ಸಂಜೆ ಪರದೆಯ ಮೇಲೆ ಕೇಂದ್ರದ ಹೆಸರು ಮೂಡಿ, ಕೊಳೆಯಿಲ್ಲದ ಕನ್ನಡವು ಅರ್ಧ ನಿಮಿಷ ಕೇಳಿ ತಟ್ಟನೆ ನಿಂತಿತು. ಈ ಪ್ರಸಾರದ ಗುಣವೇ ಅಂಥದು: ಬಂದರೆ ಸ್ಪಷ್ಟ, ಇಲ್ಲವೇ ಮೌನ. ಆ ಅರ್ಧ ನಿಮಿಷಕ್ಕೆ ಅವರು ಕಿರುಚಿದ ಕಿರುಚು ನನ್ನ ಕೊಠಡಿಯವರೆಗೆ ಕೇಳಿಸಿತು.

ಫೋನಿನ ಮಾತಿಗೆ ಬರುತ್ತೇನೆ. ನಮ್ಮ ಮಕ್ಕಳಲ್ಲಿ ಅನೇಕರ ತಂದೆತಾಯಿಗಳು ಸಾಫ್ಟ್‌ವೇರ್ ಕಛೇರಿಗಳಲ್ಲಿರುವವರು. ಮಕ್ಕಳು ಗಾಜಿನ ಮೇಲೆ ಬೆರಳಾಡಿಸಿ ಬೆಳೆದವರು. ಯಾವ ಪೆಟ್ಟಿಗೆಯ ಒಳಗನ್ನೂ ಕಂಡವರಲ್ಲ. ಮೈಸೂರಿನಲ್ಲಿ 1935ರಲ್ಲಿ ಆಕಾಶವಾಣಿಯನ್ನು ತಮ್ಮ ಮನೆಯಿಂದಲೇ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರೇ ಹೊರತು ಎಂಜಿನಿಯರರಲ್ಲ. ಮತ್ತೊಂದು ಮಾತು. ಆಕಾಶವಾಣಿಯು ಕಳೆದ ದಶಕದಲ್ಲಿ ಬೆಂಗಳೂರು, ಧಾರವಾಡಗಳೂ ಸೇರಿದಂತೆ 35 ಮಧ್ಯಮ ತರಂಗದ ಡಿಜಿಟಲ್ ಪ್ರಸಾರಯಂತ್ರಗಳನ್ನು ಸ್ಥಾಪಿಸಿತು. ಅದನ್ನು ಕೇಳಿಸುವ ರೇಡಿಯೋ ಮಾತ್ರ ಸಾಮಾನ್ಯರ ಕೈಗೆಟಕಲಿಲ್ಲ. ನಮ್ಮದೇ ತೆರಿಗೆಯ ಹಣದಿಂದ ಆಡಿದ ಮಾತು ನಮಗೇ ಕೇಳಿಸದೆ ಹೋಗುವುದು ಸರಿಯೆಂದು ನನಗೆ ತೋರುವುದಿಲ್ಲ.

ಅಪ್ಪಣೆಯನ್ನು ಕೊಟ್ಟಿದ್ದೇನೆ. ಪೋಷಕರ ಮನೆಯ ಅಟ್ಟದಲ್ಲಿ ಹಳೆಯ ಟ್ರಾನ್ಸಿಸ್ಟರುಗಳಿದ್ದರೆ ಗುಜರಿಗೆ ಹಾಕದೆ ಶಾಲೆಗೆ ಕಳುಹಿಸಬೇಕೆಂದು ಪ್ರಾರ್ಥಿಸುತ್ತೇನೆ. ಕಳುಹಿಸುವ ಮುನ್ನ ಒಳಗಿನ ಹಳೆಯ ಬ್ಯಾಟರಿಗಳನ್ನು ದಯವಿಟ್ಟು ತೆಗೆಯಿರಿ. ಅವು ಸೋರಿ ತಗಡನ್ನು ತಿಂದುಹಾಕುತ್ತವೆ.